ಎಲೆಕ್ಟ್ರಿಕ್ ಗಿಟಾರ್: ವಿದೇಶದಿಂದ ತರಿಸುವುದೋ, ಇಲ್ಲಿನ ಅಂಗಡಿಯಲ್ಲೇ ಕೊಳ್ಳುವುದೋ?

ಜರ್ಮನಿಯ ಜಾಲತಾಣದಲ್ಲಿ 700 ಯೂರೋ ಎಂದು ಕಂಡ ಗಿಟಾರ್‌ಗೆ ಬೆಂಗಳೂರಿನ ಅಂಗಡಿಯವರು ಲಕ್ಷ ರೂಪಾಯಿ ಹೇಳಿದರೆ, ನಡುವಿನ ದುಡ್ಡೆಲ್ಲ ಅವರ ಜೇಬಿಗೇ ಹೋಗುತ್ತಿದೆ ಅನ್ನಿಸುತ್ತದೆ. ಪೂರ್ತಿ ಲೆಕ್ಕ ಹಾಕಿದರೆ ಹೆಚ್ಚಿನ ಸಲ ಹಾಗಿರುವುದಿಲ್ಲ. ಪರದೆಯ ಮೇಲೆ ಕಾಣುವುದು ಗಿಟಾರ್ ಹೊರಡುವ ಜಾಗದ ಬೆಲೆ. ಅದು ನಿಮ್ಮ ಮನೆ ಬಾಗಿಲಿಗೆ ಬಂದಾಗಿನ ಬೆಲೆ ಎಷ್ಟು, ಬಂದ ಮೇಲೆ ಏನಾದರೂ ಕೆಟ್ಟರೆ ಹೊಣೆ ಯಾರದು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆಯೇ ಎಲ್ಲಿ ಕೊಳ್ಳಬೇಕೆಂದು ಹೇಳಬಹುದು.

ಮೊದಲ ಪ್ರಶ್ನೆ: ಆ ಗಿಟಾರ್ ಇಲ್ಲೇ ಸಿಗುತ್ತದೆಯೇ?

ಆರಂಭಿಕ ಮತ್ತು ಮಧ್ಯಮ ದರ್ಜೆಯಲ್ಲಿ ವಿದೇಶದ ಗಿಟಾರ್, ಇಲ್ಲಿನ ಗಿಟಾರ್ ಎಂಬ ಭೇದವೇ ಇಲ್ಲ. ಯಮಾಹಾ ಪೆಸಿಫಿಕಾ 112, ಸ್ಕ್ವಯರ್, ಎಪಿಫೋನ್, ಐಬನೆಜ಼್‌ನ ಕಡಿಮೆ ಬೆಲೆಯ ಸರಣಿಗಳು, ಪಿಆರ್‌ಎಸ್ ಎಸ್‌ಇ ಇವೆಲ್ಲ ತಯಾರಾಗುವುದು ಬಹುಪಾಲು ಇಂಡೋನೇಷ್ಯಾ ಮತ್ತು ಚೀನಾದಲ್ಲಿ. ಬರ್ಲಿನ್ನಿಗೆ ಹೋಗುವುದೂ ಬೆಂಗಳೂರಿಗೆ ಬರುವುದೂ ಅದೇ ಕಾರ್ಖಾನೆಯ ಮಾಲು. ಇಂಥದ್ದನ್ನು ಯೂರೋಪಿನಿಂದ ತರಿಸಿದರೆ ಏಷ್ಯಾದಿಂದ ಅಲ್ಲಿಗೆ ಹೋದ ಸಾಗಣೆಯ ಖರ್ಚೂ ನಿಮ್ಮದು, ಅಲ್ಲಿಂದ ಮತ್ತೆ ಏಷ್ಯಾಕ್ಕೆ ಬರುವ ಖರ್ಚೂ ನಿಮ್ಮದೇ. ಇಲ್ಲಿನ ಬೆಲೆ 60,000 ರೂಪಾಯಿಯೊಳಗಿದ್ದರೆ ವಿದೇಶದ ಯೋಚನೆ ಬಿಟ್ಟು ಅಂಗಡಿಗೆ ಹೋಗಿ ಎಂದು ಧೈರ್ಯವಾಗಿ ಹೇಳಬಹುದು.

ತರಿಸುವುದಕ್ಕೆ ನಿಜವಾದ ಕಾರಣಗಳು ಬೇರೆ. ಎಡಗೈಯವರಿಗೆ ಇಲ್ಲಿ ಆಯ್ಕೆಯೇ ಇಲ್ಲವೆನ್ನುವಷ್ಟು ಕಡಿಮೆ. ಏಳೆಂಟು ತಂತಿಯ ಗಿಟಾರ್, ತಗ್ಗಿನ ಶ್ರುತಿಯ ಬ್ಯಾರಿಟೋನ್ ಗಿಟಾರ್, ಸಣ್ಣ ಕುಶಲಕರ್ಮಿಗಳ ಕೈಕೆಲಸ, ಇಲ್ಲಿನ ವಿತರಕರು ತರಿಸದ ಬಣ್ಣ ಅಥವಾ ಮಾದರಿ, ಜರ್ಮನಿಯ ಥೋಮನ್ ಅಂಗಡಿಯ ಸ್ವಂತ ಬ್ರ್ಯಾಂಡ್ ಆದ ಹಾರ್ಲಿ ಬೆಂಟನ್, ಇವುಗಳಿಗೆ ವಿದೇಶವೇ ದಾರಿ. ಆರ್ಡರ್ ಮಾಡುವ ಮುನ್ನ ಒಂದು ಕೆಲಸ ತಪ್ಪದೆ ಮಾಡಿ. 1865ರಿಂದ ವ್ಯಾಪಾರದಲ್ಲಿರುವ ಫರ್ಟಾಡೋಸ್‌ನಂಥ ದೊಡ್ಡ ಅಂಗಡಿಯಲ್ಲಿ, ಇಲ್ಲವೇ ಆ ಬ್ರ್ಯಾಂಡಿನ ಭಾರತೀಯ ವಿತರಕರ ಬಳಿ, ಮಾದರಿಯ ಪೂರ್ಣ ಸಂಖ್ಯೆ ಕೊಟ್ಟು ಮುಂದಿನ ಸರಕಿನಲ್ಲಿ ತರಿಸಿಕೊಡುತ್ತೀರಾ ಎಂದು ಕೇಳಿ. ಕೆಲವು ತಿಂಗಳು ಕಾಯಬೇಕಾದರೂ ಅಂಗಡಿಯ ಬಿಲ್ಲಿನ ಮೇಲೆ, ಇಲ್ಲಿನ ವಾರಂಟಿಯೊಡನೆ ಸಿಕ್ಕರೆ ಕಾಯುವುದೇ ಲಾಭ.

ಮನೆ ಬಾಗಿಲಿನ ಬೆಲೆ

ಲೆಕ್ಕ ಸುಲಭವಾಗಲೆಂದು ಒಂದು ಯೂರೋಗೆ 100 ರೂಪಾಯಿ ಎಂದುಕೊಳ್ಳೋಣ. ಜರ್ಮನಿಯ ಒಳಗಿನವರಿಗೆ ತೋರಿಸುವ ಬೆಲೆಯಲ್ಲಿ ಅಲ್ಲಿನ ಶೇ. 19 ವ್ಯಾಟ್ ಸೇರಿರುತ್ತದೆ. ಅಂದರೆ 833 ಯೂರೋ ಎಂದಿದ್ದರೆ ಅದನ್ನು 1.19ರಿಂದ ಭಾಗಿಸಿದಾಗ ಬರುವ 700 ಯೂರೋ ನಿಜವಾದ ಬೆಲೆ. ರಫ್ತಿಗೆ ವ್ಯಾಟ್ ಇಲ್ಲ. ಜಾಲತಾಣದಲ್ಲಿ ದೇಶವನ್ನು ಭಾರತ ಎಂದು ಬದಲಿಸಿದಾಗ ಬೆಲೆ ಇಳಿಯಬೇಕು. ಇಳಿಯದಿದ್ದರೆ ಮಾರುವವರನ್ನು ಕೇಳದೆ ಮುಂದುವರಿಯಬೇಡಿ.

ಭಾರತದಲ್ಲಿ ಎಲೆಕ್ಟ್ರಿಕ್ ಗಿಟಾರ್ ಬರುವುದು ಕಸ್ಟಮ್ಸ್ ಪಟ್ಟಿಯ 9207ನೇ ಶೀರ್ಷಿಕೆಯಡಿ. ಮೂಲ ಸುಂಕ ಶೇ. 10, ಆ ಸುಂಕದ ಮೇಲೆ ಶೇ. 10 ಸಮಾಜ ಕಲ್ಯಾಣ ಸರ್ಚಾರ್ಜ್, ಇವೆಲ್ಲ ಕೂಡಿದ ಮೊತ್ತದ ಮೇಲೆ ಶೇ. 18 ಐಜಿಎಸ್‌ಟಿ, ಅಂದರೆ ಆಮದಿಗೆ ಹಾಕುವ ಜಿಎಸ್‌ಟಿ. ಸುಂಕ ಹಾಕುವುದು ಗಿಟಾರ್‌ನ ಬೆಲೆಗೆ ಮಾತ್ರವಲ್ಲ, ಸಾಗಣೆ ಮತ್ತು ವಿಮೆ ಸೇರಿದ ಮೊತ್ತಕ್ಕೆ. ಬಹಳ ಜನ ಎಡವುವುದು ಇಲ್ಲೇ.

ಗಿಟಾರ್: 70,000
ಸಾಗಣೆ ಮತ್ತು ವಿಮೆ: 6,000 (ಒಟ್ಟು 76,000)
ಮೂಲ ಸುಂಕ: 7,600
ಸರ್ಚಾರ್ಜ್: 760
ಐಜಿಎಸ್‌ಟಿ (84,360ರ ಮೇಲೆ): 15,185
ಕಾರ್ಡಿನ ವಿದೇಶಿ ವಿನಿಮಯ ಶುಲ್ಕ, ಶೇ. 3.5 ಮತ್ತು ಅದರ ಮೇಲಿನ ಜಿಎಸ್‌ಟಿ: 3,139
ಕೊರಿಯರ್‌ನವರ ಕ್ಲಿಯರೆನ್ಸ್ ಶುಲ್ಕ, ಅಂದಾಜು: 1,500

ಒಟ್ಟು 1,04,184 ರೂಪಾಯಿ. ವ್ಯಾಟ್ ಕಳೆದ ಬೆಲೆಯ ಹೆಚ್ಚುಕಡಿಮೆ ಒಂದೂವರೆ ಪಟ್ಟು. ಇದನ್ನೇ ಸೂತ್ರವಾಗಿ ಇಟ್ಟುಕೊಳ್ಳಿ: ಜಾಲತಾಣದ ವ್ಯಾಟ್ ಕಳೆದ ಬೆಲೆಯನ್ನು 1.5ರಿಂದ ಗುಣಿಸಿ, ಇಲ್ಲಿನ ಬೆಲೆ ಅದಕ್ಕಿಂತ ಕಡಿಮೆ ಇದ್ದರೆ ಇಲ್ಲೇ ಕೊಳ್ಳಿ.

ಅಗ್ಗದ ಗಿಟಾರ್‌ಗೆ ಈ ಸೂತ್ರವೂ ಸಾಲದು. 150 ಯೂರೋದ ಗಿಟಾರ್‌ಗೂ ಪೆಟ್ಟಿಗೆ ಅಷ್ಟೇ ದೊಡ್ಡದು, ಸಾಗಣೆಯೂ ಅಷ್ಟೇ. 15,000ಕ್ಕೆ 6,000 ಸೇರಿ 21,000, ಸುಂಕ ಸುಮಾರು 6,500, ಉಳಿದ ಖರ್ಚು ಸೇರಿದರೆ 30,000ದ ಹತ್ತಿರ. ಬೆಲೆ ಎರಡು ಪಟ್ಟಾಯಿತು. ಆ ದುಡ್ಡಿಗೆ ಇಲ್ಲಿನ ಅಂಗಡಿಯಲ್ಲಿ ಇನ್ನೂ ಒಳ್ಳೆಯ ಗಿಟಾರನ್ನು ಕೈಯಲ್ಲಿ ಹಿಡಿದು, ನುಡಿಸಿ ನೋಡಿ ತರಬಹುದು. ಅಂಗಡಿಯವರೂ ಸುಂಕ ಕಟ್ಟಿಯೇ ತರಿಸಿರುತ್ತಾರೆ. ಆದರೆ ಹಡಗಿನ ಕಂಟೇನರ್‌ನಲ್ಲಿ ನೂರಾರು ಗಿಟಾರ್ ಒಟ್ಟಿಗೆ ಬರುವುದರಿಂದ ಒಂದೊಂದರ ಸಾಗಣೆ ಖರ್ಚು ತೀರಾ ಕಡಿಮೆ. ತಮ್ಮ ಲಾಭ ಇಟ್ಟುಕೊಂಡೂ ಅವರ ಬೆಲೆ ನಿಮ್ಮ ಆಮದಿನ ಬೆಲೆಗೆ ಸಮ ಬರುವುದಕ್ಕೆ ಕಾರಣ ಇದು.

ಸಾಗಣೆಯ ಬಗ್ಗೆ ಇನ್ನೊಂದು ಮಾತು. ಕೊರಿಯರ್‌ನವರು ನಿಜವಾದ ತೂಕವನ್ನಷ್ಟೇ ನೋಡುವುದಿಲ್ಲ, ಪೆಟ್ಟಿಗೆಯ ಗಾತ್ರವನ್ನೂ ನೋಡುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5,000ದಿಂದ ಭಾಗಿಸುವುದು ರೂಢಿ. 110 × 45 × 15 ಸೆಂ.ಮೀ. ಪೆಟ್ಟಿಗೆ ಎಂದರೆ 14.85 ಕೆ.ಜಿ. ಒಳಗಿನ ಗಿಟಾರ್ 3.5 ಕೆ.ಜಿ. ಇದ್ದರೂ ಹಣ ಕಟ್ಟುವುದು 15 ಕೆ.ಜಿ.ಗೆ.

ಆರ್ಡರ್ ಮಾಡುವ ಮುನ್ನ ಕಾಗದಪತ್ರ

1. ಸ್ವಂತ ಬಳಕೆಗೆ ಒಂದು ಗಿಟಾರ್ ತರಿಸಲು ಆಮದು-ರಫ್ತುದಾರರ ಸಂಕೇತ ಸಂಖ್ಯೆ, ಅಂದರೆ ಐಇಸಿ, ಬೇಡ. ಆದರೆ ಕೊರಿಯರ್‌ನವರು ಕೆವೈಸಿ ಕೇಳುತ್ತಾರೆ. ಆಧಾರ್ ಅಥವಾ ಪ್ಯಾನ್‌ನಲ್ಲಿರುವ ಹೆಸರು, ಆರ್ಡರ್‌ನಲ್ಲಿರುವ ಹೆಸರು, ಕಾರ್ಡಿನ ಹೆಸರು ಮೂರೂ ಒಂದೇ ಇರಲಿ. ಇನಿಶಿಯಲ್ ಹಿಂದುಮುಂದಾದರೂ ಪಾರ್ಸೆಲ್ ನಿಲ್ಲಬಹುದು.

2. ಸರಕುಪಟ್ಟಿಯಲ್ಲಿ ಎಲೆಕ್ಟ್ರಿಕ್ ಗಿಟಾರ್ ಎಂದು ಸ್ಪಷ್ಟವಾಗಿ ಬರೆದು 9207ರ ಸಂಖ್ಯೆ ನಮೂದಿಸುವಂತೆ ಮಾರುವವರಿಗೆ ಹೇಳಿ. ವೈಯಕ್ತಿಕ ಬಳಕೆಯ ಸರಕಿಗೆ 9804 ಎಂಬ ಪ್ರತ್ಯೇಕ ಶೀರ್ಷಿಕೆಯಿದ್ದು, ಅದರ ದರ ಬಜೆಟ್‌ಗಳಲ್ಲಿ ಬದಲಾಗುತ್ತ ಬಂದಿದೆ. ಅದರಡಿ ಹಾಕಿದರೆ ಮೇಲಿನ ಲೆಕ್ಕ ಬದಲಾಗಬಹುದು. ಯಾವ ಶೀರ್ಷಿಕೆಯಡಿ ಬಿಲ್ ಆಫ್ ಎಂಟ್ರಿ (ಕಸ್ಟಮ್ಸ್‌ಗೆ ಕೊಡುವ ಆಮದು ಘೋಷಣೆ) ಸಲ್ಲಿಸುತ್ತೀರಿ ಎಂದು ಕೊರಿಯರ್‌ನವರನ್ನು ಗಿಟಾರ್ ವಿಮಾನ ಹತ್ತುವ ಮೊದಲೇ ಇಮೇಲ್‌ನಲ್ಲಿ ಕೇಳಿ, ಉತ್ತರವನ್ನು ಜೋಪಾನವಾಗಿಡಿ. ಆ ದಿನದ ದರವನ್ನು ಕೇಂದ್ರದ ಪರೋಕ್ಷ ತೆರಿಗೆ ಮಂಡಳಿಯಾದ ಸಿಬಿಐಸಿ ಜಾಲತಾಣದಲ್ಲಿ ನೋಡಿಕೊಳ್ಳಿ.

3. ಬೆಲೆ ಕಡಿಮೆ ಬರೆಸುವುದು, ಉಡುಗೊರೆ ಎಂದು ಬರೆಸುವುದು ಬೇಡವೇ ಬೇಡ. ಉಡುಗೊರೆಗಿದ್ದ ಸುಂಕ ವಿನಾಯಿತಿಯನ್ನು, ರಾಖಿಯಂಥ ಕೆಲವೇ ವಸ್ತುಗಳನ್ನು ಬಿಟ್ಟು, 2019ರ ಡಿಸೆಂಬರ್‌ನಲ್ಲೇ ತೆಗೆದುಹಾಕಲಾಗಿದೆ. ಸುಳ್ಳು ಬೆಲೆ ಸಿಕ್ಕಿಬಿದ್ದರೆ ಕಸ್ಟಮ್ಸ್ ಕಾಯ್ದೆಯಡಿ ಮುಟ್ಟುಗೋಲು, ದಂಡ. ದಾರಿಯಲ್ಲಿ ನೆಕ್ (ಗಿಟಾರ್‌ನ ಉದ್ದನೆಯ ಕತ್ತಿನ ಭಾಗ) ಮುರಿದರೆ ವಿಮೆ ಸಿಗುವುದೂ ಬರೆಸಿದ ಬೆಲೆಗೆ ಮಾತ್ರ.

4. ಹಳೆಯ ಗಿಟಾರ್ ಕೊರಿಯರ್‌ನಲ್ಲಿ ತರಿಸುವ ಆಸೆಯಿದ್ದರೆ ಎರಡು ಸಲ ಯೋಚಿಸಿ. ವಿದೇಶ ವ್ಯಾಪಾರ ನೀತಿಯಲ್ಲಿ ಯಂತ್ರೋಪಕರಣಗಳಂಥ ಬಂಡವಾಳ ಸರಕಲ್ಲದ ಬಳಸಿದ ವಸ್ತುಗಳ ಆಮದು ನಿರ್ಬಂಧಿತ. ಜಪಾನಿನ ಹಳೆಯ ಗಿಟಾರ್‌ಗಳು ಎಷ್ಟೇ ಚೆನ್ನಾಗಿದ್ದರೂ ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಂಡರೆ ಬಿಡಿಸುವುದು ಕಷ್ಟ.

ಮರದ ಬಗ್ಗೆ. ನೆಕ್ ಮೇಲೆ ಬೆರಳೊತ್ತುವ ಪಟ್ಟಿ, ಅಂದರೆ ಫಿಂಗರ್‌ಬೋರ್ಡ್‌ಗೆ ಹಾಕುವ ರೋಸ್‌ವುಡ್ ಬಹಳಷ್ಟು ಸಲ ಇಂಡಿಯನ್ ರೋಸ್‌ವುಡ್, ಅಂದರೆ ನಮ್ಮ ಮಲೆನಾಡಿನ ಕಾಡುಗಳಲ್ಲೂ ಬೆಳೆಯುವ ಬೀಟೆ. ಈ ಕುಲದ ಮರಗಳನ್ನೆಲ್ಲ 2017ರ ಜನವರಿ 2ರಿಂದ ಅಳಿವಿನಂಚಿನ ಸಸ್ಯ, ಪ್ರಾಣಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟ್ಸ್ ಒಪ್ಪಂದದ ಎರಡನೇ ಅನುಬಂಧಕ್ಕೆ ಸೇರಿಸಿದಾಗ ಗಿಟಾರ್ ಸಾಗಿಸಲೂ ಪ್ರಮಾಣಪತ್ರ ಬೇಕಾಗಿತ್ತು. ಪೂರ್ತಿ ಸಿದ್ಧವಾದ ವಾದ್ಯಗಳಿಗೆ 2019ರ ನವೆಂಬರ್ 26ರಿಂದ ಆ ನಿರ್ಬಂಧವಿಲ್ಲ. ಬ್ರೆಜ಼ಿಲಿಯನ್ ರೋಸ್‌ವುಡ್ ಮಾತ್ರ 1992ರಿಂದ ಅತಿ ಬಿಗಿಯಾದ ಮೊದಲ ಅನುಬಂಧದಲ್ಲೇ ಇದೆ. ಅದಿರುವ ಗಿಟಾರನ್ನು ದಾಖಲೆಯಿಲ್ಲದೆ ಗಡಿ ದಾಟಿಸಬೇಡಿ.

ಯಾರಾದರೂ ಹೊತ್ತು ತರುವುದಾದರೆ

ಕಾನೂನಿನ ಒಳಗೆ ಅತ್ಯಂತ ಅಗ್ಗದ ದಾರಿ ಇದೇ. 2016ರ ಬ್ಯಾಗೇಜ್ ನಿಯಮಗಳಲ್ಲಿ ವಿದೇಶದಿಂದ ಮರಳುವ ಭಾರತೀಯರಿಗೆ 50,000 ರೂಪಾಯಿವರೆಗೆ ವಿನಾಯಿತಿ, ಅದರ ಮೇಲಿನ ಮೊತ್ತಕ್ಕೆ ಶೇ. 38.5 ಸುಂಕ ಇತ್ತು; 2026ರ ಫೆಬ್ರವರಿಯಲ್ಲಿ ಅವುಗಳ ಜಾಗಕ್ಕೆ ಹೊಸ ನಿಯಮಗಳು ಬಂದಿವೆ. ಹಳೆಯ ನಿಯಮದ ಲೆಕ್ಕದಲ್ಲಿ 80,000 ಬೆಲೆಯ ಗಿಟಾರ್‌ಗೆ 30,000ದ ಮೇಲೆ 11,550 ರೂಪಾಯಿ. ಕೊರಿಯರ್‌ನಲ್ಲಿ ಇದರ ಎರಡು ಪಟ್ಟಿಗಿಂತ ಹೆಚ್ಚು. ಮಿತಿ ಮತ್ತು ದರ ಬದಲಾಗುವುದರಿಂದ ಪ್ರಯಾಣದ ವಾರದಲ್ಲಿ ನೋಡಿಕೊಳ್ಳಿ. ಗಂಡ ಹೆಂಡತಿ ಇಬ್ಬರೂ ಬರುತ್ತಿದ್ದರೂ ಇಬ್ಬರ ವಿನಾಯಿತಿಯನ್ನು ಒಂದೇ ಗಿಟಾರ್‌ಗೆ ಕೂಡಿಸುವಂತಿಲ್ಲ. ವಿದೇಶಿ ಪಾಸ್‌ಪೋರ್ಟಿನಲ್ಲಿ ಬರುವ ನೆಂಟರ ಮಿತಿ ಬೇರೆ ಇರಬಹುದು, ಅದನ್ನೂ ವಿಚಾರಿಸಿ. ಮಿತಿ ಮೀರಿದ್ದರೆ ಬಿಲ್ ಕೈಯಲ್ಲಿ ಹಿಡಿದು, ಸುಂಕದ ಸರಕಿದೆ ಎಂದು ಘೋಷಿಸುವವರ ಕೆಂಪು ಚಾನೆಲ್‌ನಲ್ಲೇ ಬರಬೇಕು.

ಕ್ಯಾಲಿಫೋರ್ನಿಯಾದಲ್ಲಿರುವ ಅಕ್ಕನಿಗೋ ದುಬೈಯ ಚಿಕ್ಕಪ್ಪನಿಗೋ ಹೇಳುವ ಮುನ್ನ ಅವರ ತೊಂದರೆಯನ್ನೂ ಲೆಕ್ಕಕ್ಕೆ ತನ್ನಿ. ವಿಮಾನಗಳಲ್ಲಿ ಚೆಕ್-ಇನ್ ಸಾಮಾನಿಗೆ ಉದ್ದ, ಅಗಲ, ಎತ್ತರ ಕೂಡಿ 158 ಸೆಂ.ಮೀ. ಎಂಬುದು ಸಾಮಾನ್ಯ ಮಿತಿ. 100 × 36 × 12ರ ಕೇಸ್ 148 ಆಗುತ್ತದೆ, ದಾಟುತ್ತದೆ. ಅದನ್ನು ಅಂಗಡಿಯ ರಟ್ಟಿನ ಪೆಟ್ಟಿಗೆಯ ಸಮೇತ ತಂದರೆ 170, ಹೆಚ್ಚುವರಿ ಹಣ ಕಟ್ಟಬೇಕಾದೀತು. ಅಮೆರಿಕದ ವಿಮಾನಯಾನ ಕಂಪನಿಗಳು ಮೇಲಿನ ಶೆಲ್ಫಿನಲ್ಲಿ ಜಾಗವಿದ್ದರೆ ಗಿಟಾರನ್ನು ಕ್ಯಾಬಿನ್ನಿಗೆ ಬಿಡಬೇಕೆಂದು 2015ರಿಂದ ಅಲ್ಲಿ ನಿಯಮವಿದೆ. ಬೇರೆ ದೇಶದ ಕಂಪನಿಗಳಿಗೆ ಅದು ಅನ್ವಯಿಸುವುದಿಲ್ಲ.

ಫೆಂಡರ್ ಮಾದರಿಯ ಗಿಟಾರ್ ಆದರೆ ಇನ್ನೂ ಒಳ್ಳೆಯ ಉಪಾಯವಿದೆ. ನೆಕ್ ಅನ್ನು ದೇಹಕ್ಕೆ ಸೇರಿಸಿರುವುದು ನಾಲ್ಕು ಸ್ಕ್ರೂಗಳಿಂದ. ತಂತಿಗಳನ್ನು ಪೂರ್ತಿ ಸಡಿಲಿಸಿ, ಸ್ಕ್ರೂ ತೆಗೆದು, ನೆಕ್ ಮತ್ತು ದೇಹವನ್ನು ಬೇರೆಬೇರೆ ಬಟ್ಟೆಯಲ್ಲಿ ಸುತ್ತಿದರೆ ದೊಡ್ಡ ಸೂಟ್‌ಕೇಸಿನಲ್ಲಿ ಮೂಲೆಯಿಂದ ಮೂಲೆಗೆ ಹಿಡಿಸುತ್ತದೆ. ನೆಕ್ ಕೂರಿಸುವ ಗುಂಡಿಯಲ್ಲಿ ತೆಳ್ಳನೆಯ ಚೂರೇನಾದರೂ ಇದ್ದರೆ ಬಿಸಾಡಬೇಡಿ, ನೆಕ್‌ನ ಕೋನ ಸರಿಯಿರಲಿ ಎಂದು ಇಟ್ಟಿರುವುದು ಅದು. ಮತ್ತೆ ಜೋಡಿಸುವಾಗ ಸ್ಕ್ರೂವನ್ನು ಮೊದಲು ಹಿಂದಕ್ಕೆ ತಿರುಗಿಸಿ. ಹಳೆಯ ಹಾದಿಗೆ ಬಿದ್ದಾಗ ಟಕ್ಕೆಂದು ಗೊತ್ತಾಗುತ್ತದೆ, ಆಮೇಲೆ ಮುಂದಕ್ಕೆ ಬಿಗಿಯಿರಿ. ಗಿಬ್ಸನ್ ಲೆಸ್ ಪಾಲ್‌ನಂಥ ಗಿಟಾರ್‌ಗಳಲ್ಲಿ ನೆಕ್ ಅಂಟಿಸಿರುತ್ತಾರೆ, ಅವುಗಳಿಗೆ ಇದು ನಡೆಯುವುದಿಲ್ಲ.

ತೆರಿಗೆ ವಾಪಸಿನ ವಿಷಯ: ಯೂರೋಪಿನಲ್ಲಿ ಪ್ರವಾಸಿಗರು ಅಂಗಡಿಯಿಂದ ಅರ್ಜಿ ಪಡೆದು ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಗಿಟಾರ್ ತೋರಿಸಿ ಮುದ್ರೆ ಹಾಕಿಸಬೇಕು. ಗಿಟಾರ್ ಚೆಕ್-ಇನ್ ಆದಮೇಲೆ ನೆನಪಾದರೆ ಕೆಲಸ ಕೆಟ್ಟಿತು. ಬ್ರಿಟನ್‌ನಲ್ಲಿ ಈ ಸೌಲಭ್ಯ 2021ರ ಜನವರಿಯಿಂದ ಇಲ್ಲ. ಅಮೆರಿಕದಲ್ಲಿ ಒರೆಗಾನ್, ಡೆಲವೇರ್‌ನಂಥ ರಾಜ್ಯಗಳಲ್ಲಿ ಮಾರಾಟ ತೆರಿಗೆಯೇ ಇಲ್ಲ.

ಆಂಪ್ಲಿಫೈಯರ್ ಮಾತ್ರ ಹೊರಗಿನಿಂದ ಬೇಡ. ಗಿಟಾರ್‌ಗೆ ಮನೆಯ ಕರೆಂಟು ಬೇಕಿಲ್ಲ. ಆಂಪ್‌ಗೆ ಬೇಕು. ಅಮೆರಿಕದ್ದು 120 ವೋಲ್ಟ್, ಜಪಾನಿನದು 100, ನಮ್ಮದು 230. ನೇರವಾಗಿ ಚುಚ್ಚಿದರೆ ಸುಟ್ಟುಹೋಗುತ್ತದೆ.

ನಕಲಿ ಮಾಲು

ಹೊಸ ಗಿಬ್ಸನ್ ಲೆಸ್ ಪಾಲ್ 40,000ಕ್ಕೆ ಕೊಡುತ್ತೇವೆ ಎನ್ನುವ ಜಾಲತಾಣ ಕೊಡುವುದು ನಕಲಿ. ಗಿಬ್ಸನ್ ಹೆಸರಿನ ಎಲೆಕ್ಟ್ರಿಕ್ ಗಿಟಾರ್‌ಗಳು ಅಮೆರಿಕದಲ್ಲೇ ತಯಾರಾಗುತ್ತವೆ, ಚೀನಾದಿಂದ ಹೊರಡುವುದಿಲ್ಲ. ತಲೆಯ ಭಾಗದಲ್ಲಿ ಟ್ರಸ್ ರಾಡ್ (ನೆಕ್‌ನ ಬಾಗು ಹೊಂದಿಸಲು ಒಳಗಿರುವ ಸರಳು) ಮುಚ್ಚುವ ಗಂಟೆಯಾಕಾರದ ಮುಚ್ಚಳಕ್ಕೆ ಅಸಲಿಯಲ್ಲಿ ಎರಡು ಸ್ಕ್ರೂ, ಅನೇಕ ನಕಲಿಗಳಲ್ಲಿ ಮೂರು. ಇದೊಂದನ್ನೇ ನಂಬದೆ, ಸೀರಿಯಲ್ ಸಂಖ್ಯೆಯ ಫೋಟೋ ತರಿಸಿ ತಯಾರಕರಲ್ಲೇ ವಿಚಾರಿಸಿ.

ಅಂಗಡಿಯಲ್ಲಿ ಅರ್ಧ ಗಂಟೆ

ಇಲ್ಲಿ ಕೊಳ್ಳುವುದರ ದೊಡ್ಡ ಲಾಭ ಕೈಯಿಂದ ಪರೀಕ್ಷಿಸುವ ಅವಕಾಶ. ಒಂದೇ ಮಾದರಿಯ ಎರಡು ಗಿಟಾರ್ ಕೂಡ ಒಂದೇ ರೀತಿ ಇರುವುದಿಲ್ಲ, ಮರ ಮರವೇ. ಅಂಗಡಿಯಲ್ಲಿ ಎರಡು ಮೂರಿದ್ದರೆ ಎಲ್ಲವನ್ನೂ ಕೇಳಿ ತೆಗೆಸಿ ನೋಡಿ, ಸಂಕೋಚ ಬೇಡ.

ಮೊದಲು ಶ್ರುತಿ ಮಾಡಿ. ದೇಹದ ಕಡೆಯಿಂದ ನೆಕ್ ಉದ್ದಕ್ಕೂ ಒಂದು ಕಣ್ಣಲ್ಲಿ ನೋಡಿ: ಸ್ವಲ್ಪ ಬಾಗಿದ್ದರೆ ಟ್ರಸ್ ರಾಡ್‌ನಿಂದ ಸರಿಯಾಗುತ್ತದೆ, ತಿರುಚಿಕೊಂಡಿದ್ದರೆ ಆಗುವುದಿಲ್ಲ, ಆ ಗಿಟಾರ್ ಬಿಡಿ. ಅಂಗೈಯನ್ನು ನೆಕ್ ಅಂಚಿನಲ್ಲಿ ಮೇಲಿನಿಂದ ಕೆಳಗೆ ಜಾರಿಸಿ, ಫ್ರೆಟ್‌ಗಳ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿಗಳ) ತುದಿಗಳು ಚುಚ್ಚಿದರೆ ಮರ ಒಣಗಿ ಕುಗ್ಗಿದೆ ಎಂದರ್ಥ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ, ಇಲ್ಲವೇ ಸದಾ ಏಸಿ ಓಡುವ ಅಂಗಡಿಯಲ್ಲಿ ಇದು ಸಾಮಾನ್ಯ. ಅರದಿಂದ ತೀಡಿದರೆ ಹೋಗುತ್ತದೆ, ಆದರೆ ತೀಡಿ ಕೊಡುವುದು ಅಂಗಡಿಯವರ ಕೆಲಸ.

ಆಮೇಲೆ ಆಂಪ್‌ಗೆ ಹಾಕಿ, ಎಫೆಕ್ಟ್ ಮತ್ತು ಡಿಸ್ಟಾರ್ಷನ್ ಪೂರ್ತಿ ಆರಿಸಿ. ಗದ್ದಲದಲ್ಲಿ ದೋಷ ಕೇಳಿಸುವುದಿಲ್ಲ. ಆರೂ ತಂತಿಗಳಲ್ಲಿ ಒಂದನೇ ಫ್ರೆಟ್‌ನಿಂದ ಕೊನೆಯವರೆಗೆ ಒಂದೊಂದೇ ಸ್ವರ ನುಡಿಸಿ. ಒಂದೇ ಜಾಗದಲ್ಲಿ ಝರ್ರೆಂದರೆ ಪಕ್ಕದ ಫ್ರೆಟ್ ಎತ್ತರವಿದೆ, ಎಲ್ಲ ಕಡೆಯೂ ಝರ್ರೆಂದರೆ ಸೆಟಪ್, ಅಂದರೆ ನೆಕ್ ಮತ್ತು ತಂತಿಗಳ ಎತ್ತರದ ಹೊಂದಾಣಿಕೆ, ಮಾಡಿಲ್ಲ ಅಷ್ಟೇ. ತೆಳುವಾದ ಮೊದಲ ಎರಡು ತಂತಿಗಳನ್ನು 12ರಿಂದ 17ನೇ ಫ್ರೆಟ್‌ವರೆಗೆ ಪೂರ್ತಿ ಒಂದು ಸ್ವರ ಎಳೆದು ನೋಡಿ, ಧ್ವನಿ ಸತ್ತರೆ ಫ್ರೆಟ್‌ಗಳು ಸಮವಿಲ್ಲ. ಎಲ್ಲ ನಾಬ್ ತಿರುಗಿಸಿ, ಸ್ವಿಚ್ಚಿನ ಪ್ರತಿ ಸ್ಥಾನವನ್ನೂ ಕೇಳಿ, ಜ್ಯಾಕ್ ಬಳಿ ಕೇಬಲ್ ಅಲುಗಾಡಿಸಿ. ಬಿರಡೆ ತಿರುಗಿಸುವಾಗ ಟಿಂಗೆಂದು ಸದ್ದಾಗಿ ಶ್ರುತಿ ಹಾರಿದರೆ ತಂತಿ, ನೆಕ್‌ನ ತಲೆಯ ಕಡೆ ಅದು ಹಾಯುವ ಪಟ್ಟಿಯಾದ ನಟ್‌ನ ಸೀಳಿನಲ್ಲಿ ಸಿಕ್ಕಿಕೊಳ್ಳುತ್ತಿದೆ.

ಬೆಲೆ ಮಾತಾಡುವಾಗ ಬರೀ ರಿಯಾಯಿತಿಗೆ ಜಗ್ಗಬೇಡಿ. ಹೊಸ ತಂತಿ ಹಾಕಿ ಸೆಟಪ್ ಮಾಡಿಕೊಡಿ, ಮೂರು ತಿಂಗಳಾದ ಮೇಲೆ ಇನ್ನೊಮ್ಮೆ ಮಾಡಿಕೊಡಿ, ಗಿಗ್ ಬ್ಯಾಗ್ ಕೊಡಿ ಎಂದು ಕೇಳಿ. ಸೀರಿಯಲ್ ಸಂಖ್ಯೆ ಬರೆದ ಜಿಎಸ್‌ಟಿ ಬಿಲ್ ಪಡೆಯಿರಿ. ವಿದೇಶದಲ್ಲಿ ಕೊಂಡ ಗಿಟಾರ್‌ಗೆ ಬಹುತೇಕ ಬ್ರ್ಯಾಂಡ್‌ಗಳ ವಾರಂಟಿ ಮಾರಿದ ದೇಶದಲ್ಲಷ್ಟೇ ನಡೆಯುತ್ತದೆ. ಹಿಂದಿರುಗಿಸಬೇಕಾದರೆ ಸಾಗಣೆಗೆ ಮತ್ತೆ ಅಷ್ಟೇ ಖರ್ಚು. ಕಟ್ಟಿದ ಸುಂಕದಲ್ಲಿ ಶೇ. 98ರವರೆಗೆ ಮರಳಿ ಪಡೆಯಲು ಕಸ್ಟಮ್ಸ್ ಕಾಯ್ದೆಯ 74ನೇ ಸೆಕ್ಷನ್‌ನಲ್ಲಿ ಅವಕಾಶವಿದೆಯಾದರೂ ಒಂದು ಗಿಟಾರ್‌ಗಾಗಿ ಅಷ್ಟೆಲ್ಲ ಓಡಾಡುವವರು ವಿರಳ.

ಪಾರ್ಸೆಲ್ ಬಂದ ದಿನ

ಹೊರಪೆಟ್ಟಿಗೆಯ ಆರೂ ಮುಖ, ವಿಳಾಸದ ಚೀಟಿ ಕಾಣುವಂತೆ ವಿಡಿಯೊ ಶುರು ಮಾಡಿ, ಗಿಟಾರ್ ಹೊರಬರುವವರೆಗೆ ನಿಲ್ಲಿಸಬೇಡಿ. ಪೆಟ್ಟಿಗೆ ನುಗ್ಗಾಗಿದ್ದರೆ ಸಹಿ ಹಾಕುವಾಗಲೇ ಹಾಗೆಂದು ಬರೆಯಿರಿ. ಹಿಂದಕ್ಕೆ ಬಾಗಿದ ತಲೆಯಿರುವ ಮಹೋಗನಿ ನೆಕ್‌ಗಳು ನಟ್‌ನ ಹಿಂಬದಿಯಲ್ಲೇ ಮುರಿಯುವುದು. ಅಲ್ಲಿ ಕೂದಲೆಳೆಯಂಥ ಬಿರುಕಿದೆಯೇ ಎಂದು ಟಾರ್ಚ್ ಹಿಡಿದು ನೋಡಿ.

ತಣ್ಣನೆಯ ದೇಶದಿಂದ ಬಂದಿದ್ದರೆ ಕೇಸನ್ನು ಒಂದು ದಿನ ಮುಚ್ಚಿಯೇ ಇಡಿ. ನೈಟ್ರೋಸೆಲ್ಯುಲೋಸ್ ಮೆರುಗಿನ ಗಿಟಾರ್ ಚಳಿಯಿಂದ ನೇರವಾಗಿ ಸೆಕೆಗೆ ಬಂದರೆ ಮೆರುಗು ಬಿರುಕು ಬಿಡುತ್ತದೆ. ಮಂಗಳೂರು, ಉಡುಪಿಯ ಮಳೆಗಾಲದಲ್ಲಿ ನೆಕ್ ನೀರು ಹೀರಿ ಬಾಗುವುದು ಸಹಜ, ಒಂದೆರಡು ವಾರ ಹೊಂದಿಕೊಳ್ಳಲು ಬಿಟ್ಟು ಆಮೇಲೆ ಸೆಟಪ್ ಮಾಡಿ. ಗಿಟಾರ್‌ಗೆ ಹಿತವಾದದ್ದು ಶೇ. 45ರಿಂದ 55ರ ತೇವಾಂಶ.

ಬೇಕಾಗುವುದು ಅಲೆನ್ ಕೀ, ಸಣ್ಣ ಸ್ಕ್ರೂಡ್ರೈವರ್, ಸ್ಟೀಲ್ ಸ್ಕೇಲ್, ಶ್ರುತಿ ನೋಡುವ ಟ್ಯೂನರ್, ಮತ್ತೊಂದು ಫೀಲರ್ ಗೇಜ್ (ಸಂದಿ ಅಳೆಯುವ ತೆಳು ತಗಡುಗಳ ಕಟ್ಟು). ಮೆಕ್ಯಾನಿಕ್‌ಗಳು ಬಳಸುವುದೇ ಸಾಕು, ಬೆಂಗಳೂರಿನ ಜೆ.ಸಿ. ರೋಡಿನಂಥ ಆಟೊ ಬಿಡಿಭಾಗಗಳ ಬೀದಿಯಲ್ಲಿ ಸಿಗುತ್ತದೆ. ಅಮೆರಿಕದ ಗಿಟಾರ್‌ಗಳಿಗೆ ಇಂಚಿನ ಅಳತೆಯ ಕೀಲಿ ಬೇಕು. ಮಿಲಿಮೀಟರ್ ಕೀಲಿ ತುರುಕಿದರೆ ಟ್ರಸ್ ರಾಡ್ ನಟ್ಟಿನ ಮೂಲೆಗಳು ಸವೆದುಹೋಗುತ್ತವೆ.

ಮೊದಲನೇ ಫ್ರೆಟ್‌ಗೆ ಕ್ಯಾಪೋ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ದಪ್ಪ ತಂತಿಯನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿ. ಎಂಟನೇ ಫ್ರೆಟ್ ಮೇಲೆ 0.2ರಿಂದ 0.25 ಮಿ.ಮೀ. ಸಂದಿರಬೇಕು. ಹೆಚ್ಚಿದ್ದರೆ ಟ್ರಸ್ ರಾಡನ್ನು ಪ್ರದಕ್ಷಿಣವಾಗಿ, ಕಡಿಮೆಯಿದ್ದರೆ ಅಪ್ರದಕ್ಷಿಣವಾಗಿ, ಒಂದು ಸಲಕ್ಕೆ ಕಾಲು ಸುತ್ತು ಮಾತ್ರ. ಮತ್ತೆ ಶ್ರುತಿ ಮಾಡಿ ಅಳೆಯಿರಿ. ಬಿಗಿಯಾಗಿ ಸಿಕ್ಕಿಕೊಂಡರೆ ಬಲವಂತ ಮಾಡದೆ ಗಿಟಾರ್ ರಿಪೇರಿಯವರಿಗೆ ಕೊಡಿ. ನಂತರ ಕ್ಯಾಪೋ ತೆಗೆದು 12ನೇ ಫ್ರೆಟ್ ಮೇಲೆ ತಂತಿಯ ಎತ್ತರ: ದಪ್ಪ ತಂತಿಗೆ 1.6ರಿಂದ 2 ಮಿ.ಮೀ., ತೆಳುವಿಗೆ 1.2ರಿಂದ 1.6. ವೀಣೆಯ ಕುದುರೆಯ ಕೆಲಸ ಮಾಡುವ ಬ್ರಿಡ್ಜ್‌ನ ಸ್ಯಾಡಲ್‌ಗಳನ್ನು ಏರಿಸಿ ಇಳಿಸಿ ಇದನ್ನು ಹೊಂದಿಸಬೇಕು. ಕೊನೆಗೆ 12ನೇ ಫ್ರೆಟ್‌ನ ಹಾರ್ಮೋನಿಕ್ (ತಂತಿಯನ್ನು ಒತ್ತದೆ ಬರೀ ಮುಟ್ಟಿ ಹೊರಡಿಸುವ ಸ್ವರ) ಮತ್ತು ಅಲ್ಲೇ ಒತ್ತಿ ನುಡಿಸಿದ ಸ್ವರ ಹೋಲಿಸಿ. ಒತ್ತಿದ ಸ್ವರ ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಹಳೆಯ ತುಕ್ಕು ತಂತಿಯಲ್ಲಿ ಈ ಅಳತೆ ನಿಲ್ಲುವುದಿಲ್ಲ, ಹೊಸ ತಂತಿ ಹಾಕಿಯೇ ಮಾಡಿ. ತಂತಿಯ ದಪ್ಪ, ಇಂಚಿನ ಸಾವಿರದ ಭಾಗದಲ್ಲಿ: ಫೆಂಡರ್ ಮಾದರಿಗೆ 9–42, ಗಿಬ್ಸನ್ ಮಾದರಿಗೆ 10–46.

ಬಿಲ್ ಆಫ್ ಎಂಟ್ರಿ ಮತ್ತು ಸುಂಕದ ರಸೀದಿಯನ್ನು ಗಿಟಾರ್ ಕೇಸಿನಲ್ಲೇ ಇಡಿ. ಮುಂದೆ ವಿದೇಶಕ್ಕೆ ಸಂಗೀತ ಕಛೇರಿಗೋ ಓದಿಗೋ ಗಿಟಾರ್ ಒಯ್ಯುವಾಗ ಹೊರಡುವ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಇವನ್ನು ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಂಡರೆ, ಮರಳಿ ಬರುವಾಗ ಅದೇ ಗಿಟಾರ್‌ಗೆ ಎರಡನೇ ಸಲ ಸುಂಕ ಕೇಳುವುದಿಲ್ಲ.